ತಿದ್ದು ಅನ್ನೋ ಬಟನ್ನು

ಬ್ಯಾಟರಿ ಬದಲಾಯಿಸುವಾಗ ಮೆಷಿನ್ ಆನ್ ಇರಬೇಕು.

ಐದೇ ಪದ. ಈ ಐದು ಪದ ಒಬ್ಬ ಹುಡುಗನ ಕಿವಿಗೆ ಬೀಳದೆ ಹೋಗಿದ್ದಕ್ಕೆ ನಮ್ಮ ಮೂರನೇ ನಂಬರ್ ಮೆಷಿನ್ ಎರಡು ದಿನ ಸುಮ್ನೆ ನಿಂತಿತ್ತು.

ನಾನು ಕೆಲಸ ಮಾಡುವುದು ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ. 38 ಜನ, ಒಂಬತ್ತು ಸಿಎನ್‌ಸಿ ಮೆಷಿನ್, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವವು. ದೊಡ್ಡ ಕಂಪನಿಗಳು ಡ್ರಾಯಿಂಗ್ ಕಳಿಸುತ್ತವೆ, ನಾವು ಬುಶ್ಶು, ಪಿನ್ನು, ಶಾಫ್ಟು ಟರ್ನಿಂಗ್ ಮಾಡಿ ಕೊಡುತ್ತೇವೆ. ನನ್ನದು ಕ್ವಾಲಿಟಿ ವಿಭಾಗ. ಮೈಕ್ರೋಮೀಟರ್ ಹಿಡಿದುಕೊಂಡು ಎಲ್ಲರ ಹತ್ತಿರ ಬೈಸಿಕೊಳ್ಳುವ ಕೆಲಸ.

ಈ ಮೆಷಿನ್‌ಗಳು ತಮ್ಮ ಟೂಲ್ ಎಲ್ಲಿ ನಿಂತಿದೆ ಅನ್ನುವುದನ್ನು ನೆನಪಿಟ್ಟುಕೊಳ್ಳುತ್ತವೆ. ಕರೆಂಟ್ ಇಲ್ಲದಾಗ ಆ ನೆನಪು ಕಾಯುವುದು ಒಂದು ಪುಟ್ಟ ಬ್ಯಾಟರಿ. ಅದು ಸೋತಾಗ ಬದಲಾಯಿಸಬೇಕು. ಮೆಷಿನ್ ಆನ್ ಇದ್ದರೆ ಆ ಹೊತ್ತಿಗೆ ಮೇನ್ ಕರೆಂಟೇ ನೆನಪನ್ನು ಹಿಡಿದಿರುತ್ತದೆ. ಆಫ್ ಮಾಡಿ ಬ್ಯಾಟರಿ ಕಿತ್ತರೆ ಎರಡೂ ಇಲ್ಲ. ಮೆಷಿನ್‌ಗೆ ತಾನೆಲ್ಲಿದ್ದೇನೆ ಅನ್ನುವುದೇ ಮರೆತುಹೋಗುತ್ತದೆ. ಒಳಗೆ ಹೈ ವೋಲ್ಟೇಜ್ ಇರುವುದರಿಂದ ಗೊತ್ತಿದ್ದವರೇ ಮಾಡಬೇಕಾದ ಕೆಲಸ ಇದು.

ಆ ಭಾನುವಾರ ಮೆಂಟೆನೆನ್ಸ್ ಹುಡುಗ ಒಬ್ಬನೇ ಇದ್ದ. ಮೇನ್ ಸ್ವಿಚ್ ಆಫ್ ಮಾಡಿದ. ಬ್ಯಾಟರಿ ಬದಲಾಯಿಸಿದ. ಅವನ ತಪ್ಪೇನಿಲ್ಲ. ಐಟಿಐಯಲ್ಲಿ ಹೇಳಿಕೊಡುವ ಮೊದಲ ಪಾಠವೇ ಅದು, ಕೈ ಹಾಕುವ ಮುಂಚೆ ಪವರ್ ಆಫ್ ಮಾಡು ಅಂತ. ಸೋಮವಾರ ಬೆಳಗ್ಗೆ ಸ್ಕ್ರೀನ್ ತುಂಬಾ ಅಲಾರ್ಮ್. ನಮ್ಮ ಮೇಸ್ತ್ರಿ ಮಗಳ ಸೀಮಂತಕ್ಕೆ ಹಿರಿಯೂರಿಗೆ ಹೋಗಿದ್ದರು, ಫೋನು ಸ್ವಿಚ್ ಆಫ್. ಬೆಂಗಳೂರಿನಿಂದ ಸರ್ವೀಸ್ ಇಂಜಿನಿಯರ್ ಬಂದು ಮತ್ತೆ ಹೋಮ್ ಪೊಸಿಷನ್, ಅಂದರೆ ಟೂಲಿನ ಮೂಲ ಜಾಗ, ಕೂರಿಸುವ ಹೊತ್ತಿಗೆ ಮಂಗಳವಾರ ಸಂಜೆ.

ಬುಧವಾರ ಮೇಸ್ತ್ರಿ ಬಂದರು. ವಿಷಯ ಕೇಳಿದರು. "ಅಯ್ಯೋ, ಆನ್ ಇಟ್ಕಂಡೇ ಚೇಂಜ್ ಮಾಡ್ಬೇಕು ಅಂತ ನಾನ್ ಆವಾಗ್ಲೇ ಹೇಳಿದ್ನಲ್ಲ" ಅಂದರು.

ಹೇಳಿದ್ದು ನಿಜ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಅವರ ವಾಯ್ಸ್ ಮೆಸೇಜ್ ಇತ್ತು. ಎರಡು ವರ್ಷ ಹಳೆಯದು. ಗುಡ್ ಮಾರ್ನಿಂಗ್ ಗುಲಾಬಿ, ಗೌರಿ ಹಬ್ಬದ ಶುಭಾಶಯ, ಯಾರೋ ಮರೆತು ಹೋದ ಟಿಫಿನ್ ಡಬ್ಬಿಯ ಫೋಟೋ, ಇವುಗಳ ನಡುವೆ ಹದಿನೆಂಟು ಸೆಕೆಂಡಿನ ಆಡಿಯೋ. ಹುಡುಕಿ ತೆಗೆಯಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಅದೂ ಇದೆ ಅಂತ ಗೊತ್ತಾದ ಮೇಲೆ. ಆ ಹುಡುಗ ಕೆಲಸಕ್ಕೆ ಸೇರಿದ್ದೇ ಆಮೇಲೆ. ಗ್ರೂಪಿಗೆ ಹೊಸದಾಗಿ ಸೇರಿದವರಿಗೆ ಹಳೆಯ ಮಾತು ಕಾಣಿಸುವುದೂ ಇಲ್ಲ, ಅಲ್ವಾ?

ಆವತ್ತೇ ವಿಕಿಯ ಯೋಚನೆ ಬಂದಿದ್ದು. ವಿಕಿ ಅಂದರೆ ಓದುವವರೇ ಬರೆದು, ತಿದ್ದಬಹುದಾದ ವೆಬ್ ಪುಟಗಳು.

ಕಾಲೇಜಿನಲ್ಲಿದ್ದಾಗ ಕನ್ನಡ ವಿಕಿಪೀಡಿಯದಲ್ಲಿ ನಾಲ್ಕಾರು ಲೇಖನಗಳಿಗೆ ಕೈ ಹಾಕಿದ್ದೆ. ಬಹಳ ಜನ ವಿಕಿ ಅಂದರೆ ವಿಕಿಪೀಡಿಯ ಅಂತಲೇ ತಿಳಿದಿದ್ದಾರೆ. ವಿಕಿ ಅದಕ್ಕಿಂತ ಹಳೆಯದು. ವಾರ್ಡ್ ಕನ್ನಿಂಗ್‌ಹ್ಯಾಮ್ ಅನ್ನುವ ಅಮೆರಿಕದ ಪ್ರೋಗ್ರಾಮರ್ 1995ರ ಮಾರ್ಚ್ 25ರಂದು ಮೊದಲ ವಿಕಿಯನ್ನು ಇಂಟರ್ನೆಟ್‌ನಲ್ಲಿ ಬಿಟ್ಟರು. ಜ್ಞಾನಕೋಶ ಕಟ್ಟುವ ಆಸೆ ಅವರಿಗೇನೂ ಇರಲಿಲ್ಲ. ಪ್ರೋಗ್ರಾಮರ್‌ಗಳು ತಮ್ಮ ಕೆಲಸದಲ್ಲಿ ಕಂಡುಕೊಂಡ ಉಪಾಯಗಳನ್ನು ಒಂದೆಡೆ ಬರೆದಿಡಲಿ, ಇನ್ನೊಬ್ಬರು ಬಂದು ಅದನ್ನೇ ಸುಧಾರಿಸಲಿ ಅಂತ ಮಾಡಿದ್ದು. ಅಂದರೆ ವಿಕಿ ಹುಟ್ಟಿದ್ದೇ ಕೆಲಸಗಾರರಿಗಾಗಿ. ಹೆಸರು ಬಂದಿದ್ದು ಹವಾಯಿಯ ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನಿಂದ. ಆ ಬಸ್ಸಿಗೆ ವಿಕಿ ವಿಕಿ ಶಟಲ್ ಅಂತ ಹೆಸರು. ಅಲ್ಲಿನ ಭಾಷೆಯಲ್ಲಿ ವಿಕಿ ಅಂದರೆ ಬೇಗ. ವಿಕಿ ವಿಕಿ ಅಂದರೆ, ನಮ್ಮ ಸಿಟಿ ಬಸ್ ಕಂಡಕ್ಟರ್‌ಗಳು ಕೂಗುತ್ತಾರಲ್ಲ, ಬೇಗ ಬೇಗ!

ಯಾವ ಸಾಫ್ಟ್‌ವೇರ್ ಅನ್ನುವ ಪ್ರಶ್ನೆ ಬಂತು. ದೊಡ್ಡ ಕಂಪನಿಗಳಲ್ಲಿ ಕಾನ್‌ಫ್ಲುಯೆನ್ಸ್ ಬಳಸುತ್ತಾರೆ. ತಲೆಗಿಷ್ಟು ಅಂತ ದುಡ್ಡು. ನಮ್ಮ ಓನರ್ ಬೆಲೆ ಕೇಳುವ ಮೊದಲೇ ತಲೆ ಆಡಿಸಿದರು, ಅಡ್ಡಡ್ಡ. ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಮೇಲೆ. ಅದು ಪುಕ್ಕಟೆ, ಆದರೆ ಡೇಟಾಬೇಸ್ ನೋಡಿಕೊಳ್ಳಬೇಕು. ನಾನು ಆರಿಸಿಕೊಂಡಿದ್ದು ಡೋಕುವಿಕಿ. 2004ರಲ್ಲಿ ಆಂಡ್ರಿಯಾಸ್ ಗೋರ್ ಅನ್ನುವ ಜರ್ಮನಿಯವರು ಶುರು ಮಾಡಿದ್ದು. ಅದರಲ್ಲಿ ಡೇಟಾಬೇಸೇ ಇಲ್ಲ. ಪ್ರತಿ ಪುಟವೂ ಒಂದು ಸಾದಾ ಟೆಕ್ಸ್ಟ್ ಫೈಲು. ಸ್ಟೋರ್ಸ್‌ನಲ್ಲಿ ಧೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿ ಕೂರಿಸಿದೆ. ಪ್ರತಿ ಶನಿವಾರ ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಬ್ಯಾಕಪ್ ಮುಗಿಯಿತು. ನಾಳೆ ಈ ಸಾಫ್ಟ್‌ವೇರೇ ಇಲ್ಲವಾದರೂ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಮಧ್ಯಾಹ್ನ ಮೂರು ಸಲ ಕರೆಂಟ್ ಹೋಗುವ ಜಾಗದಲ್ಲಿ ಇಂಥ ಬಡ ಸಾಫ್ಟ್‌ವೇರೇ ಬಾಳಿಕೆ ಬರುವುದು.

ಆಮೇಲೆ ನಾನು ಎಲ್ಲರೂ ಮಾಡುವ ತಪ್ಪು ಮಾಡಿದೆ. ಹದಿನಾಲ್ಕು ತಲೆಬರಹ ಹಾಕಿದೆ. ಮೆಷಿನ್, ಟೂಲ್, ಕೂಲಂಟ್, ಸುರಕ್ಷತೆ, ಹೀಗೆ. ಕೆಳಗೆಲ್ಲ ಖಾಲಿ ಪುಟಗಳು. ಒಂದು ಶನಿವಾರ ಕ್ಯಾಂಟೀನಿನಲ್ಲಿ ಎಲ್ಲರನ್ನೂ ಕೂರಿಸಿ, ತಟ್ಟೆ ಇಡ್ಲಿ ತರಿಸಿ, ಗೋಡೆಯ ಮೇಲೆ ತೋರಿಸಿದೆ. "ನಿಮಗೆ ಗೊತ್ತಿರೋದನ್ನ ಇಲ್ಲಿ ಬರೀರಿ" ಅಂದೆ. ಇಡ್ಲಿ ಖಾಲಿಯಾಯಿತು. ಪುಟಗಳೂ ಹಾಗೇ ಖಾಲಿ ಉಳಿದವು.

ಬಟನ್ನಿನ ತಮಾಷೆ ಆವತ್ತಿನದೇ. ಕನ್ನಡ ವಿಕಿಪೀಡಿಯದಲ್ಲಿ ಪುಟ ಬದಲಿಸುವ ಬಟನ್ನಿಗೆ 'ಸಂಪಾದಿಸಿ' ಅಂತ ಹೆಸರು. ನಾನೂ ಅದನ್ನೇ ಹಾಕಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಆಪರೇಟರ್ ಕೈ ಎತ್ತಿದ. "ಮೇಡಂ, ತಿಂಗಳಿಗೆ ಎಷ್ಟು ಸಂಪಾದಿಸಬಹುದು?" ಇಡೀ ಕ್ಯಾಂಟೀನು ನಕ್ಕಿತು. ನಾನೂ ನಕ್ಕೆ. ಆದರೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಕೂತು ಯೋಚಿಸಿದರೆ ಅದು ಬರೀ ತಮಾಷೆ ಅನ್ನಿಸಲಿಲ್ಲ. ಇದರಲ್ಲಿ ನನಗೇನು ಸಿಗುತ್ತೆ ಅಂತ ಅವನು ಕೇಳಿದ್ದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೇಸ್ತ್ರಿಯ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಗಟ್ಟಿ. ಅವರು ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಇದ್ದವರು. ವಿಆರ್‌ಎಸ್ ತಗೊಂಡು ಹೊರಗೆ ಬಂದರು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯಿಂದ ಕೈಗಡಿಯಾರ ಮಾಡುವುದನ್ನು ಬೆಂಗಳೂರಿನಲ್ಲಿ ಕಲಿಯಿತು. ತುಮಕೂರಿನ ಕಾರ್ಖಾನೆ 1978ರದ್ದು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಮೆಷಿನ್‌ಗಳು ಹೋದವು, ಜಾಗ ಇಸ್ರೋ ಕೈಗೆ ಬಂತು. ಕೂದಲಿಗಿಂತ ತೆಳ್ಳಗಿನ ಅಳತೆ ಹಿಡಿಯುವ ಆ ಕೈಗಳು ಮಾತ್ರ ಊರಲ್ಲೇ ಉಳಿದವು. ಕೆಲವರು ಅಂಗಡಿ ಇಟ್ಟರು, ಕೆಲವರು ತೆಂಗಿನ ತೋಟ ನೋಡಿಕೊಂಡರು. ಒಂದಿಷ್ಟು ಜನ ನಮ್ಮಂಥ ಸಣ್ಣ ಕಾರ್ಖಾನೆಗಳಿಗೆ ಬಂದರು. ಇಲ್ಲಿ ಮೇಸ್ತ್ರಿಗೆ ಇರುವ ಆಸ್ತಿ ಅಂದರೆ ತಲೆಯಲ್ಲಿ ಇರುವುದು, ಜೇಬಿನ ಡೈರಿಯಲ್ಲಿ ಇರುವುದು ಅಷ್ಟೇ. ಅದನ್ನು ಪುಕ್ಕಟೆ ಬರೆದುಕೊಡಿ ಅಂತ ನಿನ್ನೆ ಮೊನ್ನೆ ಬಂದ ನಾನು ಕೇಳಿದರೆ ಅವರು ಯಾಕೆ ಕೊಡಬೇಕು?

ಮೂರು ವಾರ ಕಳೆದವು. 'ಇತ್ತೀಚಿನ ಬದಲಾವಣೆ' ಪುಟ ತೆರೆದರೆ ಮೇಲಿಂದ ಕೆಳಗಿನವರೆಗೆ ಒಂದೇ ಹೆಸರು. ನನ್ನದು. ಖಾಲಿ ಮನೆಯಲ್ಲಿ ಒಬ್ಬಳೇ ಓಡಾಡಿದ ಹಾಗಿತ್ತು.

ಬದಲಾಗಿದ್ದು ನನ್ನ ದಡ್ಡತನದಿಂದ. ಕೂಲಂಟ್ ಪುಟ ನಾನೇ ಬರೆಯೋಣ ಅಂತ ಕೂತೆ. ಕೂಲಂಟ್ ಅಂದರೆ ಮೆಷಿನ್ ಲೋಹ ಕೊರೆಯುವಾಗ ಸುರಿಯುವ ಹಾಲಿನಂಥ ದ್ರವ. ನೀರು, ಅದರಲ್ಲಿ ಒಂದು ಥರದ ಎಣ್ಣೆ. "ಬಕೆಟ್‌ಗೆ ಎಣ್ಣೆ ಹಾಕಿ, ಅದಕ್ಕೆ ನೀರು ಬೆರೆಸಿ ಕಲಕಿ" ಅಂತ ಬರೆದೆ. ಆಪರೇಟರ್‌ಗಳಿಗೆ ಕಾಣಲಿ ಅಂತ ಒಂದು ಪ್ರಿಂಟ್ ತೆಗೆದು ಮೂರನೇ ಮೆಷಿನ್ ಪಕ್ಕ ಅಂಟಿಸಿದೆ.

ಅರ್ಧ ಗಂಟೆಯಲ್ಲಿ ಮೇಸ್ತ್ರಿ ಆ ಹಾಳೆ ಹಿಡಿದುಕೊಂಡು ನನ್ನ ಟೇಬಲ್ ಮುಂದೆ ನಿಂತಿದ್ದರು.

"ಏನ್ ತಾಯಿ ಇದು? ಎಣ್ಣೆಗೆ ನೀರು ಹಾಕ್ತಾರಾ ಯಾರಾದ್ರೂ? ಒಡೆದ ಹಾಲಾಗ್ತೈತೆ. ನೀರಿಗೆ ಎಣ್ಣೆ ಹಾಕ್ಬೇಕು, ಸಣ್ಣಗೆ, ದಾರದಂಗೆ. ಇದನ್ನ ನೋಡಿ ಯಾವನಾದ್ರೂ ಮಾಡಿದ್ರೆ ಟ್ಯಾಂಕೆಲ್ಲ ಹಾಳು."

"ಹೌದಾ ಮೇಸ್ತ್ರಿ? ಹಾಗಾದ್ರೆ ತಿದ್ದಿ" ಅಂದೆ. ಕುರ್ಚಿ ಬಿಟ್ಟು ಎದ್ದೆ.

ಅವರು ಕೂತರು. ಕೂತಿದ್ದು ಸಿಟ್ಟಿನಿಂದ. ನಾನು ಟೈಪ್ ಮಾಡಿದೆ, ಅವರು ಹೇಳಿದರು. ನಮ್ಮ ಬೋರ್‌ವೆಲ್ ನೀರು ಗಡಸು, ಎಣ್ಣೆ ಸರಿಯಾಗಿ ಬೆರೆಯದೆ ಮೇಲೆ ಕೆನೆ ಕಟ್ಟುತ್ತದೆ, ಅದಕ್ಕೆ ಆರ್‌ಒ ನೀರೇ ಬಳಸಬೇಕು. ಬೇಸಿಗೆಯಲ್ಲಿ ನೀರು ಆವಿಯಾಗಿ ಎಣ್ಣೆ ಉಳಿಯುತ್ತದೆ, ಹಾಗಾಗಿ ಮೇಲೆ ಸುರಿಯುವುದು ತೆಳ್ಳಗಿರಬೇಕು. ಭಾನುವಾರ ಪಂಪು ನಿಂತಿದ್ದರೆ ಸೋಮವಾರ ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಅದು ಗಾಳಿಯಾಡದ ಜಾಗದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಕೆಲಸ. ಮೇಲೆ ತೇಲುವ ಹಳೇ ಎಣ್ಣೆ ತೆಗೆದು, ಪಂಪು ಓಡಿಸಿದರೆ ಕಡಿಮೆ ಆಗುತ್ತದೆ. ಈ ಕೊನೆಯದಕ್ಕೆ ಅವರೇ ಬೇರೆ ಪುಟ ಬೇಕು ಅಂದರು. ಅದರ ಹೆಸರು 'ಸೋಮವಾರದ ವಾಸನೆ'. ಇವತ್ತಿಗೂ ನಮ್ಮ ವಿಕಿಯಲ್ಲಿ ಅತಿ ಹೆಚ್ಚು ಜನ ಓದುವ ಪುಟ ಅದೇ.

ಮೂರು ವಾರದಲ್ಲಿ ಆಗದಿದ್ದದ್ದು ನಲವತ್ತು ನಿಮಿಷದಲ್ಲಿ ಆಯಿತು. ಖಾಲಿ ಪುಟ ತೋರಿಸಿ ಬರೀರಿ ಅಂದರೆ ಪರೀಕ್ಷೆಗೆ ಕೂರಿಸಿದ ಹಾಗೆ. ತಪ್ಪು ಪುಟ ತೋರಿಸಿದರೆ ಅವರು ಮೇಷ್ಟ್ರು, ನಾನು ವಿದ್ಯಾರ್ಥಿ. ಇಂಟರ್ನೆಟ್‌ನಲ್ಲಿ ಇದಕ್ಕೆ ಕನ್ನಿಂಗ್‌ಹ್ಯಾಮ್ ನಿಯಮ ಅಂತಲೇ ಹೆಸರಿದೆ. ಸರಿ ಉತ್ತರ ಬೇಕಿದ್ದರೆ ಪ್ರಶ್ನೆ ಕೇಳಬೇಡ, ತಪ್ಪು ಉತ್ತರ ಹಾಕು ಅಂತ. ವಿಕಿ ಕಟ್ಟಿದ ಅದೇ ಕನ್ನಿಂಗ್‌ಹ್ಯಾಮ್. ಆದರೆ ನಾನು ಹಾಗೆ ಹೇಳೇ ಇಲ್ಲ ಅಂತ ಅವರು ಹೇಳಿದ್ದಾರೆ. ಅದನ್ನೂ ಯಾರೋ ತಪ್ಪು ಬರೆದಿರಬೇಕು!

ಆ ರಾತ್ರಿ ಬಟನ್ನಿನ ಹೆಸರು ಬದಲಿಸಿದೆ. ಡೋಕುವಿಕಿಯಲ್ಲಿ ಅದಕ್ಕೆ ಒಂದು ಸಣ್ಣ ಫೈಲು ಇದೆ, ಬೇಕಾದ ಪದ ಹಾಕಿಕೊಳ್ಳಬಹುದು. 'ಸಂಪಾದಿಸಿ' ಹೋಗಿ 'ತಿದ್ದು' ಬಂತು. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಸ್ಲೇಟಿನ ಮೇಲೆ ದೊಡ್ಡದಾಗಿ ಅ ಬರೆದು ಕೊಡುತ್ತಿದ್ದರು. ಅದರ ಮೇಲೆಯೇ ತಿದ್ದು ಅನ್ನುತ್ತಿದ್ದರು. ಅಕ್ಷರ ದಪ್ಪ ಆಗುವವರೆಗೆ ತಿದ್ದುತ್ತಿದ್ದೆವು. ಬರೆಯಲು ಕಲಿಯುವುದಕ್ಕೂ ತಪ್ಪು ಸರಿ ಮಾಡುವುದಕ್ಕೂ ನಮ್ಮಲ್ಲಿ ಒಂದೇ ಪದ. ನಮ್ಮ ಆಪರೇಟರ್‌ಗಳಿಗೆ ಇದನ್ನೆಲ್ಲ ವಿವರಿಸಲಿಲ್ಲ. ಬಟನ್ ನೋಡಿ ಯಾರೂ ನಗಲಿಲ್ಲ, ಅಷ್ಟು ಸಾಕಾಗಿತ್ತು.

ಅಲ್ಲಿಂದ ನನ್ನ ಕೆಲಸ ಬರೆಯುವುದಲ್ಲ, ತಪ್ಪು ಬರೆಯುವುದು. ಸ್ವಲ್ಪ ದಿನ ಬೇಕಂತಲೇ ಮಾಡಿದೆ. ಇನ್ಸರ್ಟ್ ಬದಲಾಯಿಸುವುದು, ಸಾಫ್ಟ್ ಜಾ ಕೊರೆಯುವುದು, ಚಕ್ ಪ್ರೆಶರ್ ಇಡುವುದು, ಎಲ್ಲದಕ್ಕೂ ಒಂದು ಅರೆಬರೆ ಪುಟ. ಅಪಾಯ ಇರುವ ಕಡೆ ಮಾತ್ರ ಈ ಆಟ ಆಡಲಿಲ್ಲ. ಚಕ್ ಅಂದರೆ ಜಾಬನ್ನು, ಅಂದರೆ ಕೊರೆಯುವ ಲೋಹದ ತುಂಡನ್ನು, ಕಚ್ಚಿ ಹಿಡಿಯುವ ಭಾಗ. ಅದರ ಪ್ರೆಶರ್ ಕಡಿಮೆ ಇದ್ದರೆ ಸಾವಿರಾರು ಸುತ್ತು ತಿರುಗುವ ಜಾಬ್ ಹಾರಿ ಬರುತ್ತದೆ. ಅಲ್ಲಿ ಅಂಕಿ ಜಾಗ ಖಾಲಿ ಬಿಟ್ಟು, 'ಮೇಸ್ತ್ರಿ ಹೇಳಬೇಕು' ಅಂತ ಕೆಂಪಕ್ಷರ ಹಾಕುತ್ತಿದ್ದೆ.

ವಿಕಿಪೀಡಿಯದ ನಿಯಮಗಳು ಕಾರ್ಖಾನೆಯ ವಿಕಿಗೆ ಬರುವುದಿಲ್ಲ ಅಂತ ನಿಧಾನಕ್ಕೆ ಅರ್ಥವಾಯಿತು. ಅಲ್ಲಿ ನಿಮ್ಮ ಸ್ವಂತ ಅನುಭವ ಬರೆಯುವ ಹಾಗಿಲ್ಲ, ಬೇರೆ ಕಡೆ ಅಚ್ಚಾದ ಆಧಾರ ಬೇಕು. ಇಲ್ಲಿ ತಿರುಗಾ ಮುರುಗಾ. ಅಚ್ಚಾದದ್ದು ಮ್ಯಾನುಯಲ್‌ನಲ್ಲಿ ಹೇಗೂ ಇದೆ. ನಮಗೆ ಬೇಕಾದದ್ದು ಮ್ಯಾನುಯಲ್‌ನಲ್ಲಿ ಇಲ್ಲದ್ದು. ಇನ್ನೊಂದು ದೊಡ್ಡ ವ್ಯತ್ಯಾಸ, ಅಲ್ಲಿ ನಿಮ್ಮನ್ನು ತಿದ್ದುವವರು ಮುಖ ನೋಡದ ಅಪರಿಚಿತರು. ಇಲ್ಲಿ ತಿದ್ದುವವರ ಜೊತೆ ಮಧ್ಯಾಹ್ನ ಒಂದೇ ಬೆಂಚಿನಲ್ಲಿ ಮುದ್ದೆ ಊಟ ಮಾಡಬೇಕು. ನಿನ್ನೆ ಸೇರಿದ ಟ್ರೈನಿ ಇಪ್ಪತ್ತು ವರ್ಷದ ಅನುಭವಸ್ಥನ ವಾಕ್ಯದ ಮೇಲೆ ಕೈ ಆಡಿಸಬಹುದು, ಅದೂ ಹೆಸರು, ತಾರೀಕು, ಗಂಟೆ, ನಿಮಿಷದ ಸಮೇತ ದಾಖಲಾಗುತ್ತದೆ. ಸಾಫ್ಟ್‌ವೇರ್ ಮಾಡಿದವರಿಗೆ ಇದು ಸೌಲಭ್ಯ. ನಮ್ಮೂರಲ್ಲಿ ಇದು ಮರ್ಯಾದೆಯ ಪ್ರಶ್ನೆ.

ಆ ದಾಖಲೆ ಎಷ್ಟು ಅಪಾಯ ಅಂತ ನಾಲ್ಕನೇ ತಿಂಗಳಲ್ಲಿ ಕಂಡೆವು. ವಿಕಿಯಲ್ಲಿ ಹಳೆಯದು ಯಾವುದೂ ಅಳಿಸಿ ಹೋಗುವುದಿಲ್ಲ. ಯಾವ ಸಾಲು ಯಾರು ಬದಲಿಸಿದರು ಅಂತ ಎರಡು ಆವೃತ್ತಿ ಅಕ್ಕಪಕ್ಕ ಇಟ್ಟು ತೋರಿಸುತ್ತದೆ. ಇದು ಇರುವುದು ಧೈರ್ಯ ಕೊಡಲು. ತಪ್ಪಾದರೂ ಪರವಾಗಿಲ್ಲ, ಒಂದು ಕ್ಲಿಕ್‌ನಲ್ಲಿ ಹಿಂದಕ್ಕೆ ಹೋಗಬಹುದು ಅಂತ. ಆದರೆ ನಮ್ಮ ಒಬ್ಬ ಶಿಫ್ಟ್ ಇನ್‌ಚಾರ್ಜ್ ಬೆಳಗಿನ ಮೀಟಿಂಗಿನಲ್ಲಿ ಅದನ್ನೇ ಸಿಸಿಟಿವಿ ಮಾಡಿಬಿಟ್ಟರು. ಒಂದು ಆಫ್‌ಸೆಟ್ ಅಂಕಿ, ಅಂದರೆ ಟೂಲಿನ ಜಾಗ ಹೊಂದಿಸುವ ಅಂಕಿ, ತಪ್ಪಾಗಿತ್ತು. "ಇದನ್ನ ಬರ್ದಿರೋ ಮಹಾನುಭಾವ ಯಾರು ಅಂತ ನೋಡಣ ತಡಿ" ಅಂತ ಎಲ್ಲರ ಮುಂದೆ ತೆರೆದು ಹೆಸರು ಓದಿದರು. ಆ ಹುಡುಗ ತಲೆ ತಗ್ಗಿಸಿದ. ಮಾರನೇ ದಿನದಿಂದ ಎರಡು ವಾರ ಯಾರೂ ಒಂದು ಅಕ್ಷರ ತಿದ್ದಲಿಲ್ಲ. ಪಟ್ಟಿಯಲ್ಲಿ ಮತ್ತೆ ನನ್ನ ಹೆಸರೊಂದೇ.

ನಾನು ಓನರ್ ಹತ್ತಿರ ಹೋದೆ. ಅವರು ಮಾತು ಕಡಿಮೆ. ಮುಂದಿನ ಮೀಟಿಂಗಿನಲ್ಲಿ ಒಂದೇ ಮಾತು ಹೇಳಿದರು, "ಪುಟ ಓದಿ, ಹೆಸರು ಓದಬ್ಯಾಡಿ." ಆಮೇಲೆ ತಾವೇ ಎಲ್ಲರ ಮುಂದೆ ಲಾಗಿನ್ ಆಗಿ ಒಂದು ಪುಟ ತಿದ್ದಿದರು. ಕಾಗುಣಿತ ತಪ್ಪಿತ್ತು. ಯಾರೋ ಅದನ್ನು ಸಂಜೆಯೊಳಗೆ ಸರಿ ಮಾಡಿದ್ದರು.

ಕಾಗುಣಿತ ಅಂದಾಗ ಕನ್ನಡದ ಕಷ್ಟ ಹೇಳಲೇಬೇಕು. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಡೋಕುವಿಕಿ ಪುಟದ ಹೆಸರನ್ನೇ ಫೈಲಿನ ಹೆಸರು ಮಾಡುತ್ತದೆ. ಕನ್ನಡ ಅಕ್ಷರ ಬಂದರೆ ಅದನ್ನು ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿಗಳ ಸಾಲಾಗಿ ಬದಲಿಸುತ್ತದೆ. ಒಂದು 'ಕ'ಕ್ಕೆ ಒಂಬತ್ತು ಚಿಹ್ನೆ. 'ಕ್ರ' ಒಂದೇ 27 ಚಿಹ್ನೆ, ಯಾಕೆಂದರೆ ಕಂಪ್ಯೂಟರ್‌ಗೆ ಅದು ಕ, ಅರ್ಧಾಕ್ಷರದ ಚಿಹ್ನೆ, ರ ಅಂತ ಮೂರು. ಫೈಲಿನ ಹೆಸರಿಗೆ ಇರುವ ಮಿತಿ 255. 'ಮೂರನೇ ಮೆಷಿನ್ ಬೆಳಗ್ಗೆ ಆನ್ ಮಾಡುವ ಕ್ರಮ' ಅಂತ ಹೆಸರಿಟ್ಟೆ, ಪುಟ ಉಳಿಯಲೇ ಇಲ್ಲ. ಅಕ್ಷರಗಳನ್ನು ಇದ್ದ ಹಾಗೇ ಉಳಿಸು ಅನ್ನುವ ಸೆಟ್ಟಿಂಗ್ ಒಂದಿದೆ. ಅದು ಗೊತ್ತಾಗಲು ನನಗೆ ಒಂದು ವಾರ ಬೇಕಾಯಿತು.

ಆಮೇಲೆ ನುಡಿ. ಆಫೀಸಿನ ಹಳೇ ಸೂಚನೆಗಳೆಲ್ಲ ಹಳೇ ನುಡಿ ಫಾಂಟಿನಲ್ಲಿದ್ದವು. ಅವು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ವಿಕಿಗೆ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಮೇಲೆ ಕೊಂಬು ಕೋಡು ಮೂಡಿದ ಹಾಗೆ ಏನೇನೋ ಬರುತ್ತದೆ. ಕನ್ವರ್ಟರ್‌ನಲ್ಲಿ ಹಾಕಿ ಒಂದೊಂದೇ ಸರಿಪಡಿಸಿದೆ. ಅದಕ್ಕಿಂತ ತಲೆನೋವು ಹುಡುಕಾಟದ್ದು. ಒಬ್ಬರು ಕೂಲಂಟ್ ಅಂತ ಬರೆಯುತ್ತಾರೆ, ಒಬ್ಬರು ಕೂಲೆಂಟ್, ಇನ್ನೊಬ್ಬರು ಕೂಲಂಟು. ಮೇಸ್ತ್ರಿ ಅದಕ್ಕೆ 'ಹಾಲು' ಅಂತಾರೆ! ಆಫ್‌ಸೆಟ್ ಅಂತ ಬರೆಯುವಾಗ ಫ ಮತ್ತು ಸ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರಿಸಬೇಕು. ಒಬ್ಬರ ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ಒಂದೇ ಪದ ಹುಡುಕಿದರೂ ಸಿಗುವುದಿಲ್ಲ. ಕೊನೆಗೆ ಪ್ರತಿ ಪುಟದ ತಲೆಯ ಮೇಲೆ 'ಇದಕ್ಕೆ ಹೀಗೂ ಅಂತಾರೆ' ಅಂತ ಒಂದು ಸಾಲು ಇಟ್ಟೆವು. ಎಲ್ಲ ಕಾಗುಣಿತವೂ ಅಲ್ಲಿ. ಯಾವುದು ಸರಿ ಅನ್ನುವ ಜಗಳಕ್ಕೆ ನಾನು ಹೋಗಲಿಲ್ಲ. ಟೈಪ್ ಮಾಡಲು ಬರದವರು ಫೋನಿಗೆ ಮಾತಾಡಿ ಬರೆಸುತ್ತಾರೆ. ಅದು 'ಚಕ್' ಅಂದರೆ 'ಚೆಕ್' ಅಂತ ಬರೆಯುತ್ತದೆ. ಇರಲಿ, ತಿದ್ದಬಹುದಲ್ಲ.

ಇನ್ನೊಂದು ಸಂಗತಿ ಉಪಯೋಗಕ್ಕೆ ಬಂತು. ಯಾರೂ ವಿಕಿಯ ಮುಖಪುಟಕ್ಕೆ ಬಂದು ಅಲ್ಲಿಂದ ದಾರಿ ಹುಡುಕುವುದಿಲ್ಲ. ಕೈಯಲ್ಲಿ ಗ್ರೀಸ್ ಇರುತ್ತದೆ, ಮೆಷಿನ್ ಕೂಗುತ್ತಿರುತ್ತದೆ. ಹಾಗಾಗಿ ಪ್ರತಿ ಮೆಷಿನ್ನಿನ ಬಾಗಿಲಿಗೆ ಒಂದು ಕ್ಯೂಆರ್ ಸ್ಟಿಕರ್ ಹಾಕಿದೆವು. ಫೋನು ಹಿಡಿದರೆ ಆ ಮೆಷಿನ್ನಿನ ಪುಟವೇ ತೆರೆಯುತ್ತದೆ. ನನ್ನ ಹದಿನಾಲ್ಕು ತಲೆಬರಹಗಳನ್ನು ಯಾರೂ ಕೇಳಲಿಲ್ಲ. ಒಂದು ದಿನ ನಾನೇ ಅಳಿಸಿದೆ.

ಐಎಸ್‌ಒ ಆಡಿಟ್ ಬಂದಾಗ ಮಾತ್ರ ನನಗೆ ಭಯ ಇತ್ತು. ನಮ್ಮದು ಐಎಸ್‌ಒ 9001 ಅನ್ನುವ ಗುಣಮಟ್ಟದ ಸರ್ಟಿಫಿಕೇಟ್ ಇರುವ ಕಾರ್ಖಾನೆ. ಅಲ್ಲಿ ಪ್ರತಿ ದಾಖಲೆಗೂ ತಯಾರಿಸಿದವರು, ಪರಿಶೀಲಿಸಿದವರು, ಒಪ್ಪಿದವರು ಅಂತ ಮೂರು ಸಹಿ ಬೇಕು ಅನ್ನುವ ಅಭ್ಯಾಸ. ಯಾರು ಬೇಕಾದರೂ ತಿದ್ದಬಹುದಾದ ಪುಟ ನೋಡಿ ಆಡಿಟರ್ ಏನಂತಾರೋ? ಮೂರು ಸಹಿಯ ದಾರಿ ನಿಧಾನ ಅನ್ನುವುದಕ್ಕೆ ವಿಕಿಪೀಡಿಯದ ಕಥೆಯೇ ಸಾಕ್ಷಿ. ಅದಕ್ಕೂ ಮೊದಲು ಅದೇ ಜನ ನ್ಯೂಪೀಡಿಯ ಅಂತ ಒಂದು ಜ್ಞಾನಕೋಶ ಮಾಡಿದ್ದರು. ಪಂಡಿತರು ಏಳು ಹಂತದಲ್ಲಿ ಪರಿಶೀಲಿಸಬೇಕು. ಮೊದಲ ವರ್ಷದಲ್ಲಿ ಎರಡು ಡಜನ್ ಲೇಖನವೂ ಮುಗಿಯಲಿಲ್ಲ. ಬೇಸತ್ತು ಪಕ್ಕದಲ್ಲಿ ಒಂದು ವಿಕಿ ತೆರೆದರು. ಅದು 2001ರ ಜನವರಿ 15. ಎರಡು ವರ್ಷದ ನಂತರ, 2003ರಲ್ಲಿ, ಕನ್ನಡದ್ದೂ ಶುರುವಾಯಿತು.

ಆದರೆ ಕಾರ್ಖಾನೆಯಲ್ಲಿ ಸಹಿಗಳನ್ನು ಬಿಟ್ಟುಬಿಡಲು ಆಗುವುದಿಲ್ಲ. ಗಿರಾಕಿಯ ಡ್ರಾಯಿಂಗ್, ಅಳತೆಯ ಮಿತಿ, ತಪಾಸಣೆಯ ಕ್ರಮ, ಇವು ಯಾರೋ ಒಬ್ಬರ ಮನಸ್ಸು ಬಂದ ಹಾಗೆ ಬದಲಾಗಬಾರದು. ಅವನ್ನು ವಿಕಿಯಿಂದ ಹೊರಗೇ ಇಟ್ಟೆವು, ಹಳೇ ಫೈಲಿನಲ್ಲೇ. ಏನು ಮಾಡಬೇಕು ಅನ್ನುವುದು ಫೈಲಿನಲ್ಲಿ, ಹೇಗೆ ಮಾಡಿದರೆ ಸಲೀಸು ಅನ್ನುವುದು ವಿಕಿಯಲ್ಲಿ. ಆಡಿಟರ್ ಬಂದರು, ಸ್ಟಿಕರ್ ನೋಡಿದರು, ಕೇಳಿದರು. ನಾನು 7.1.6 ಅಂದೆ. 2015ರ ಆವೃತ್ತಿಯಲ್ಲಿ ಸೇರಿಸಿದ ಕಲಮು ಅದು. ಸಂಸ್ಥೆ ತನ್ನ ಕೆಲಸಕ್ಕೆ ಬೇಕಾದ ತಿಳಿವಳಿಕೆಯನ್ನು ಉಳಿಸಿಕೊಳ್ಳಬೇಕು, ಬೇಕಾದವರಿಗೆ ಸಿಗುವಂತೆ ಇಡಬೇಕು ಅಂತ. ಅವರು 'ಸೋಮವಾರದ ವಾಸನೆ' ಓದಿದರು. ನಕ್ಕರು. ಮುಂದಿನ ಮೆಷಿನ್‌ಗೆ ಹೋದರು.

ಎಲ್ಲವೂ ಬರೆಯಲು ಬರುವುದಿಲ್ಲ. ಮೂರನೇ ಮೆಷಿನ್ನಿನ ಸ್ಪಿಂಡಲ್ ಬೇರಿಂಗ್ ಹೋಗುವ ಮುಂಚೆ ಒಂದು ಸದ್ದು ಮಾಡುತ್ತದಂತೆ. ಮೇಸ್ತ್ರಿಗೆ ಗೊತ್ತಾಗುತ್ತದೆ, ನಮಗೆ ಇಲ್ಲ. ಬರೆಯಿರಿ ಅಂದರೆ "ಉಂ ಅಂತೈತೆ" ಅಂದರು. ಚೆನ್ನಾಗಿದ್ದಾಗ? "ಆವಾಗ್ಲೂ ಉಂ ಅಂತೈತೆ. ಆದ್ರೆ ಬ್ಯಾರೆ ಉಂ." ಆ ಪುಟದಲ್ಲಿ ಈಗ ಎರಡು ಆಡಿಯೋ ಇವೆ, ಫೋನಿನಲ್ಲಿ ಹಿಡಿದದ್ದು. ಒಂದರ ಕೆಳಗೆ 'ಉಂ', ಇನ್ನೊಂದರ ಕೆಳಗೆ 'ಬ್ಯಾರೆ ಉಂ'. ನಾನು ಹತ್ತಾರು ಸಲ ಕೇಳಿದ್ದೇನೆ. ನನಗೆ ಎರಡೂ ಒಂದೇ. ಒಬ್ಬ ಟ್ರೈನಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದಂತೆ. ಶಿರಾ ಕಡೆಯ ಹುಡುಗ, ಭಜನೆಗೆ ತಬಲ ಹೊಡೆಯುತ್ತಾನೆ.

ಅವನದೇ ಕೊನೆಯ ಸಂಗತಿ. ಹೋದ ತಿಂಗಳು ಇಬ್ಬರು ಆಪರೇಟರ್‌ಗಳಿಗೆ ಕೈ ತುರಿಕೆ ಶುರುವಾಯಿತು. ಕೂಲಂಟ್ ಗಟ್ಟಿಯಾದರೆ ಹಾಗಾಗುತ್ತದೆ. ಎಷ್ಟು ಗಟ್ಟಿ ಅಂತ ನೋಡಲು ಒಂದು ಮೀಟರ್ ಇದೆ. ದ್ರಾಕ್ಷಿ ಬೆಳೆಯುವವರು ಹಣ್ಣಿನ ಸಿಹಿ ನೋಡಲು ಬಳಸುತ್ತಾರಲ್ಲ, ಅದೇ. ಮೇಸ್ತ್ರಿಯ ಪುಟದಲ್ಲಿ 'ಮೀಟರ್‌ನಲ್ಲಿ 6 ಬಂದರೆ ಸರಿ' ಅಂತ ಇತ್ತು. ಮೀಟರ್ 6 ಅಂತಲೇ ತೋರಿಸುತ್ತಿತ್ತು. ಆದರೆ ಪರ್ಚೇಸ್‌ನವರು ಎಣ್ಣೆಯ ಕಂಪನಿ ಬದಲಿಸಿದ್ದರು. ಹುಡುಗ ಹೊಸ ಡ್ರಮ್ಮಿನ ಲೇಬಲ್ ಓದಿದ್ದಾನೆ. ಈ ಎಣ್ಣೆಗೆ ಮೀಟರಿನ ಅಂಕಿಯನ್ನು 1.4ರಿಂದ ಗುಣಿಸಬೇಕು ಅಂತ ಸಣ್ಣಕ್ಷರದಲ್ಲಿತ್ತು. ಅಂದರೆ ಟ್ಯಾಂಕಿನಲ್ಲಿದ್ದ ನಿಜವಾದ ಗಟ್ಟಿ 6 ಅಲ್ಲ, 8.4. ನೈಟ್ ಶಿಫ್ಟಿನಲ್ಲಿ, ರಾತ್ರಿ 2 ಗಂಟೆ 10 ನಿಮಿಷಕ್ಕೆ, ಮೇಸ್ತ್ರಿಯ ಸಾಲನ್ನು ತಿದ್ದಿದ್ದ.

ಬೆಳಗ್ಗೆ ನಾನು ನೋಡಿದೆ. ಮೇಸ್ತ್ರಿಯೂ ನೋಡಿದರು, ನನ್ನ ಕಂಪ್ಯೂಟರಿನಲ್ಲೇ. ಯಾರು ಅಂತ ಕೇಳಲಿಲ್ಲ. ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡು ಸ್ಟೋರ್ಸ್ ಕಡೆ ಹೋದರು. ಡ್ರಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕೂತು ಲೇಬಲ್ ಓದುವುದು ಕಿಟಕಿಯಿಂದ ಕಾಣುತ್ತಿತ್ತು. ಬಹಳ ಹೊತ್ತು ಓದಿದರು. ವಾಪಸ್ ಬಂದು ಟೀ ಕುಡಿದರು. ಆಮೇಲೆ ನನ್ನ ಕುರ್ಚಿ ಎಳೆದುಕೊಂಡು, ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ, ಹುಡುಗನ ಸಾಲಿನ ಕೆಳಗೆ ಒಂದು ಸಾಲು ಸೇರಿಸಿದರು.

'ಹಳೇ ಡ್ರಮ್ ಇನ್ನೂ ಎರಡು ಐತೆ. ಅದಕ್ಕೆ 6 ಸರಿ.'